ಇಲ್ಲದ ಕಲ್ಲು

ಟ್ರಾಕ್ಟರು ಕತ್ತು ಉಳುಕಿದವರ ಹಾಗೆ ನಿಂತಿತ್ತು. ಮುಂದಿನ ಲೋಡರಿನ ಎಡತೋಳು ನೆಲಕ್ಕೆ ಜಗ್ಗಿತ್ತು, ಬಲತೋಳು ಒಂದು ಗೇಣು ಮೇಲೇ ಉಳಿದಿತ್ತು, ಎರಡರ ತುದಿಗೂ ಸೇರಿಕೊಂಡಿದ್ದ ಬಕೆಟ್ಟು ಪಾಪ ಯಾರ ಮಾತು ಕೇಳಬೇಕೋ ತಿಳಿಯದೆ ಓರೆಯಾಗಿತ್ತು. ಎಂಟು ದಿನದಿಂದ ಹಾಲಿನ ಫಾರ್ಮಿನ ಶೆಡ್ಡಿನ ಮುಂದೆ ಅದು ಹೀಗೇ ನಿಂತಿದೆ. ಸಣ್ಣ ಮೇಸ್ತ್ರಿ ವ್ಯಾನಿನಿಂದ ವೆಲ್ಡಿಂಗ್ ಮಷೀನು ಇಳಿಸಿ, ಟ್ರಾಕ್ಟರಿನ ಹತ್ತಿರ ಹೋಗದೆ, ಕೇಬಲ್ಲು ಬಿಚ್ಚುತ್ತಾ ನಿಂತ. ಆ ಕೇಬಲ್ಲು ಬಿಚ್ಚಲು ಅಷ್ಟು ಹೊತ್ತೇನೂ ಬೇಡ. ವಯಸ್ಸು ನಲವತ್ತಕ್ಕೆ ಬಂದರೂ ಅವನು ಎಲ್ಲರ ಬಾಯಲ್ಲಿ ಸಣ್ಣ ಮೇಸ್ತ್ರಿಯೇ, ಯಾಕೆಂದರೆ ಅವನಿಗೆ ವೆಲ್ಡಿಂಗ್ ಕಲಿಸಿದ ದೊಡ್ಡಪ್ಪ ದೊಡ್ಡ ಮೇಸ್ತ್ರಿ. ಬೆಂಕಿ ನೋಡಿ ನೋಡಿ ಕಣ್ಣಿನ ಒಳಪದರ ಸವೆದಿದೆ, ಇನ್ನು ವೆಲ್ಡಿಂಗ್ ಬೇಡ ಅಂತ ಡಾಕ್ಟರು ಹೇಳಿದ ಮೇಲೆ ಅವರು ವರ್ಕ್‌ಶಾಪನ್ನು ಇವನ ಕೈಗೆ ಕೊಟ್ಟು ಈ ಫಾರ್ಮಿನಲ್ಲಿ ಟ್ರಾಕ್ಟರು ಓಡಿಸುವ ಕೆಲಸ ಹಿಡಿದಿದ್ದರು. ಗೊಬ್ಬರ ಬಾಚುವುದು, ಹುಲ್ಲಿನ ಕಟ್ಟು ಎತ್ತುವುದು. ಹಗಲು ಬೆಳಕಲ್ಲಿ, ಬೇಲಿಯೊಳಗೆ, ಅಷ್ಟಕ್ಕೆ ಕಣ್ಣು ಧಾರಾಳ ಸಾಕು ಅಂತ ಡಾಕ್ಟರೇ ಹೇಳಿದ್ದು. ಆ ದೊಡ್ಡಪ್ಪ ಈಗ ಶೆಡ್ಡಿನ ಬಾಗಿಲಲ್ಲಿ ನಿಂತಿದ್ದರು, ಒಂದು ಅಂಗೈಯನ್ನು ಗೋಡೆಗೆ ಒತ್ತಿಕೊಂಡು. ಗೋಡೆ ಹಿಡಿದು ನಿಲ್ಲುವ ಮನುಷ್ಯ ಅವರಲ್ಲ. ಇವನು ಅದನ್ನು ನೋಡಿ ಮತ್ತೆ ಕೇಬಲ್ಲಿನ ಕಡೆ ತಿರುಗಿದ.

"ಗ್ಯಾಸ್ ಸಿಕ್ತೇನೋ?" ಅಂದರು ದೊಡ್ಡಪ್ಪ.

"ಸಿಕ್ತು ದೊಡ್ಡಪ್ಪ."

ಗ್ಯಾಸ್ ಖಾಲಿಯೇ ಆಗಿರಲಿಲ್ಲ. ಎಂಟು ದಿನ ಅದೊಂದು ನೆಪ ಹೇಳಿಕೊಂಡು ಬಂದಿದ್ದ. ಮೊದಲ ದಿನ ಫೋನಿನಲ್ಲಿ ದೊಡ್ಡಪ್ಪ, "ಎರಡು ತೋಳಿನ ನಡುವೆ ಅಡ್ಡ ಪೈಪು ಇದೆಯಲ್ಲ, ಅದು ಎಡಗಡೆ ಬುಡದಲ್ಲಿ ಬಿಟ್ಕೊಂಡಿದೆ ಕಣೋ" ಅಂದಾಗಲೇ ಇವನಿಗೆ ಯಾಕೆಂದು ಗೊತ್ತಾಗಿತ್ತು. ಮೂರು ವರ್ಷದ ಹಿಂದೆ ಆ ಅಡ್ಡ ಪೈಪನ್ನು ಹಾಕಿದವನು ಇವನೇ. ಆದರೆ ಇವನು ಬಾಯಿ ಬಿಡುವ ಮೊದಲೇ ದೊಡ್ಡಪ್ಪ, "ನಂದೇ ತಪ್ಪು. ಗೊಬ್ಬರದ ಗುಡ್ಡೆಯೊಳಗೆ ಕಲ್ಲಿತ್ತು. ನಂಗೆ ಕಾಣಲೇ ಇಲ್ಲ" ಅಂದುಬಿಟ್ಟಿದ್ದರು. ಆ ಮಾತು ಕೇಳಿ ಇವನಿಗೆ ಹಾಯೆನಿಸಿತ್ತು. ನಾಚಿಕೆಗೇಡು ಅಂದರೆ ಅದೇ, ಹಾಯೆನಿಸಿದ್ದು. ಓಹೋ ಕಲ್ಲು, ಹಾಗಾದರೆ ಕಲ್ಲು, ಅಂತ ಆ ಕಲ್ಲಿಗೆ ಕೈಮುಗಿಯುವುದೊಂದು ಬಾಕಿ.

ಕಲ್ಲಿನ ಕಥೆಯನ್ನು ಆಮೇಲೆ ದೊಡ್ಡಮ್ಮ ಫೋನಿನಲ್ಲಿ ಪೂರ್ತಿ ಹೇಳಿದ್ದರು. ಬಕೆಟ್ಟಿನ ಒಂದೇ ಮೂಲೆ ಗಟ್ಟಿಯಾದದ್ದಕ್ಕೆ ಬಡಿಯದೆ ಲೋಡರು ಹೀಗೆ ತಿರುಚಿಕೊಳ್ಳುವುದಿಲ್ಲ ಅಂತ ಫಾರ್ಮಿನ ಯಜಮಾನಿ ಅಂದರಂತೆ. ಆಕೆ ಹೇಳಿದ್ದು ತಪ್ಪಲ್ಲ, ಸಾಮಾನ್ಯವಾಗಿ ಆಗುವುದು ಹಾಗೇ. ಇಬ್ಬರು ಆಳು ಇಡೀ ದಿನ ಸಲಿಕೆಯಲ್ಲಿ ಗುಡ್ಡೆಯನ್ನು ಬುಡಮೇಲು ಮಾಡಿದರೂ ಕಲ್ಲು ಸಿಗಲಿಲ್ಲವಂತೆ. ಮೂರನೇ ದಿನ ದೊಡ್ಡಪ್ಪನೇ ಬೇಲಿಯ ಕಡೆಯಿಂದ ಕುಂಬಳಕಾಯಿ ಗಾತ್ರದ ಕರಿಕಲ್ಲೊಂದನ್ನು ಹೊತ್ತು ತಂದು, ಇದೇ ಇರಬೇಕು, ಉರುಳಿಕೊಂಡು ಹೋಗಿತ್ತು ಅಂದರಂತೆ. ಕಲ್ಲು ಸಿಕ್ಕಿತಲ್ಲ ಅಂತ ಎಲ್ಲರಿಗೂ ಸಮಾಧಾನವಾಯಿತು. "ಆವತ್ತಿಂದ ನಿನ್ನ ದೊಡ್ಡಪ್ಪ ಟೀ ಬಗ್ಗಿಸ್ಕೊಳ್ಳೋವಾಗ ಲೋಟದೊಳಗೆ ಬೆರಳಿಟ್ಟು ನೋಡ್ತಾರೆ ಕಣಪ್ಪ," ಅಂದಿದ್ದರು ದೊಡ್ಡಮ್ಮ. "ಅಷ್ಟು ದೊಡ್ಡ ಕಲ್ಲೇ ಕಾಣಲಿಲ್ಲ ಅಂದ್ಮೇಲೆ ನಂಗೆ ಇನ್ನೇನು ಕಾಣುತ್ತೆ ಅಂತಾರೆ. ಮೊನ್ನೆ ರಸ್ತೆ ದಾಟೋವಾಗ ನನ್ನ ಕೈ ಹಿಡ್ಕೊಂಡ್ರು. ಮದುವೆಯಾದಾಗಿಂದ ಬೀದೀಲಿ ಕೈ ಹಿಡಿದವರಲ್ಲ." ಇವನು ಹೂಂ ಅಂದ. ಗ್ಯಾಸ್ ಸಿಕ್ಕ ಕೂಡಲೇ ಬರ್ತೀನಿ ಅಂದ.

ಆ ಕಲ್ಲು ಈಗ ಗೊಬ್ಬರದ ಗುಡ್ಡೆಯ ಪಕ್ಕ ಕೂತಿತ್ತು. ಟ್ರಾಕ್ಟರಿನ ಕಡೆ ಹೋಗಲು ಆ ದಾರಿ ಬೇಕಿರಲಿಲ್ಲ, ಆದರೂ ಇವನು ಸುತ್ತು ಹಾಕಿಕೊಂಡು ಹೋದ. ಕಬ್ಬಿಣ ತಗುಲಿದ ಕಲ್ಲಿನ ಮೇಲೆ ಬಿಳಿ ಗೀರಾದರೂ ಇರಬೇಕು, ಇಲ್ಲವೇ ಬಕೆಟ್ಟಿನ ಬಣ್ಣವಾದರೂ ಅಂಟಿರಬೇಕು. ಕಲ್ಲಿನ ಮೇಲೆ ಒಣಗಿದ ಪಾಚಿ ಇತ್ತು, ಅದು ಎಲ್ಲಿಯೂ ಚೂರೂ ಕಿತ್ತು ಬಂದಿರಲಿಲ್ಲ. ಬಕೆಟ್ಟಿನ ಎಡಮೂಲೆಯನ್ನು ಸವರಿ ನೋಡಿದ. ದಿನಾ ನೆಲ ಕೆರೆದು ನುಣುಪಾದ ಮೂಲೆ, ಬಲಗಡೆ ಹೇಗಿತ್ತೋ ಎಡಗಡೆಯೂ ಹಾಗೇ. ಇದನ್ನು ನೋಡಲು ಕನ್ನಡಕವೂ ಬೇಡ. ಎಂಟು ದಿನ ಇಷ್ಟು ಜನ ಯಾರೂ ನೋಡಲಿಲ್ಲವೇ ಅಂತ ಅವನಿಗೆ ಒಂದು ಗಳಿಗೆ ಸಿಟ್ಟೇ ಬಂತು. ಸಿಟ್ಟು ಬರಲು ತನಗೇನು ಮುಖವಿದೆ ಅನ್ನಿಸಿ ಅಲ್ಲಿಂದ ಸರಿದ.

ಬಕೆಟ್ಟಿನ ಕೆಳಗೆ ಮರದ ದಿಮ್ಮಿ ಕೊಟ್ಟು, ಪಿನ್ನುಗಳನ್ನು ಸುತ್ತಿಗೆಯಲ್ಲಿ ಬಡಿದು ಬಿಡಿಸಿ, ಬಿಟ್ಟುಕೊಂಡ ಜಾಗಕ್ಕೆ ಟಾರ್ಚು ಹಿಡಿದ. ಆಗ ಮುರುಕಿನ ಒಳಮೈ ಕಂಡಿತು. ಕಬ್ಬಿಣ ಮೊನ್ನೆ ಮುರಿದಿದ್ದರೆ ಬೆಳ್ಳಿಯ ಹಾಗೆ ಹೊಳೆಯಬೇಕು. ಹಳೇ ಬಿರುಕು ಅಂದರೆ ತುಕ್ಕು. ಇಲ್ಲಿ ಪೈಪಿನ ಸುತ್ತಲೂ ಒಳಗೆ ಕಪ್ಪುಗಂದು ತುಕ್ಕು, ಮೂರು ವರ್ಷದ ತುಕ್ಕು. ಅದರ ನಡುವೆ ಎರಡೇ ಎರಡು ಕಡೆ ಕಡಲೆಬೇಳೆಯಷ್ಟಗಲ ಹೊಳಪು. ಅವೆರಡು ಟ್ಯಾಕ್‌ಗಳು, ಪೈಪು ಅಲುಗಾಡದಿರಲಿ ಅಂತ ಮೊದಲು ಇಡುವ ಎರಡು ಚುಕ್ಕೆ ವೆಲ್ಡು. ಅವುಗಳ ಮೇಲೆ ಬುಡದ ಸಾಲು ಎಳೆಯಬೇಕು, ಮೇಲೆ ಕಟ್ಟುವ ಕಿಟ್ಟ ಬಡಿದು ತೆಗೆಯಬೇಕು, ಮತ್ತೆ ಎರಡನೇ ಸಾಲು, ಮತ್ತೆ ಕಿಟ್ಟ, ಮೂರನೇ ಸಾಲು. ಇಲ್ಲಿ ಬುಡವೇ ಇರಲಿಲ್ಲ. ಎರಡು ಚುಕ್ಕೆ, ಮೇಲೊಂದು ಅಗಲವಾದ ಚೆಂದದ ಸಾಲು, ಅದರ ಮೇಲೆ ಕಿತ್ತಳೆ ಬಣ್ಣ. ಮೂರು ವರ್ಷ ಆ ಎರಡು ಚುಕ್ಕೆಗಳೇ ಅಷ್ಟು ಭಾರ ಹೊತ್ತವು. ಹೊತ್ತಿದ್ದೇ ದೊಡ್ಡದು.

"ಹೆಂಗಿದೆ?" ಅಂತ ಹಿಂದಿನಿಂದ ದೊಡ್ಡಪ್ಪನ ದನಿ ಬಂತು. ಅವರು ಶೆಡ್ಡಿನಿಂದ ಟ್ರಾಕ್ಟರಿನ ತನಕ ಹದಿನೈದು ಹೆಜ್ಜೆ ಬಂದಿದ್ದರು, ಗೋಡೆ ಮುಗಿದ ಮೇಲೆ ಕೈ ಮುಂದೆ ಚಾಚಿಕೊಂಡು.

"ನೋಡ್ತಾ ಇದ್ದೀನಿ. ಹಿಂದೆ ಸರೀರಿ ದೊಡ್ಡಪ್ಪ, ಕಿಡಿ ಹಾರುತ್ತೆ," ಅಂದ ಇವನು, ಗ್ರೈಂಡರ್ ಕೈಗೆತ್ತಿಕೊಂಡ. ಕೈ ತಾನೇ ಮಾಡಿತು ಅಂತ ಆಮೇಲೆ ಮನಸ್ಸಿಗೆ ಹೇಳಿಕೊಳ್ಳಲು ನೋಡಿದ, ಅದು ಸುಳ್ಳು. ಕೈಗೆ ಹೇಳಿದವನು ಅವನೇ. ಹೇಗೂ ಹೊಸ ವೆಲ್ಡು ಹಾಕುವ ಮೊದಲು ಹಳೇದನ್ನು ಉಜ್ಜಿ ತೆಗೆಯಲೇಬೇಕಲ್ಲ, ಕೆಲಸದ ಕ್ರಮವೇ ಅದು, ಯಾರು ಬೇಕಾದರೂ ಹಾಗೇ ಮಾಡುತ್ತಾರೆ. ಹಾಗಂದುಕೊಂಡೇ ಗುಂಡಿ ಒತ್ತಿದ. ತುಕ್ಕು ಕೆಂಪು ಪುಡಿಯಾಗಿ ಹಾರಿತು, ಆ ಎರಡು ಚುಕ್ಕೆಗಳು ಕಿಡಿಯಾಗಿ ಹೋದವು, ಹತ್ತು ನಿಮಿಷಕ್ಕೆ ಮುರುಕಿನ ಮೈಯೆಲ್ಲ ಒಂದೇ ಹೊಳಪು. ಗ್ರೈಂಡರ್ ನಿಲ್ಲಿಸಿದಾಗ ಕಿವಿಯಲ್ಲಿ ಗುಂಯ್ ಅನ್ನುತ್ತಿತ್ತು. ಬಾಯಲ್ಲಿ ಕಬ್ಬಿಣದ ರುಚಿ. ಉಗಿದ, ಹೋಗಲಿಲ್ಲ.

ಮೂರು ವರ್ಷದ ಹಿಂದೆ ಈ ಪೈಪು ಹಾಕಿದ ದಿನ ದೊಡ್ಡಪ್ಪ ಕಣ್ಣಿನ ಆಸ್ಪತ್ರೆಗೆ ಹೋಗಿದ್ದರು. ವರ್ಕ್‌ಶಾಪಿನಲ್ಲಿ ಮೊದಲ ಸಲ ಇವನೊಬ್ಬನೇ. ಎಂಥ ಖುಷಿ ಅದು. ಹದಿನೆಂಟು ವರ್ಷ ಬೆನ್ನ ಹಿಂದೆ ನಿಂತು, ಉಜ್ಜು, ಮತ್ತೆ ಹಾಕು, ಕಿಟ್ಟ ಉಳಿದಿದೆ, ಉಜ್ಜು, ಅನ್ನುತ್ತಿದ್ದ ದನಿ ಇಲ್ಲ. ಮೂವತ್ತೇಳು ವಯಸ್ಸಿನ ಗಂಡಸನ್ನು ಗಿರಾಕಿಗಳ ಎದುರಿಗೇ, ಇದೇನು ಕೋಳಿ ಕೆದರಿದ ಹಾಗೆ, ಅನ್ನುತ್ತಿದ್ದ ದನಿ. ರೇಡಿಯೋ ಜೋರಾಗಿ ಹಾಕಿದ. ಎರಡು ಕಡೆಯೂ ಪೈಪಿಗೆ ಟ್ಯಾಕ್ ಇಟ್ಟ. ಬುಡದ ಸಾಲು ಹಾಕುವುದಕ್ಕೆ ರಾಡು ಬದಲಿಸಬೇಕಿತ್ತು, ಮಷೀನಿನ ಕರೆಂಟು ಇಳಿಸಬೇಕಿತ್ತು, ಬಗ್ಗಿ ಕೂರಬೇಕಿತ್ತು. ಯಾರು ನೋಡುತ್ತಾರೆ ಅನ್ನಿಸಿತು. ಅದೂ ಅಲ್ಲ, ನಾಳೆ ಮಾಡೋಣ ಅನ್ನಿಸಿತು. ಹೇಗೆ ಕಾಣುತ್ತದೆ ನೋಡೋಣ ಅಂತ ಮೇಲಿನ ಸಾಲನ್ನು ಎಳೆದ, ಜಡೆ ಹೆಣೆದ ಹಾಗೆ ಬಂತು, ಜನ್ಮದಲ್ಲಿ ಅಂಥ ಸಾಲು ಎಳೆದಿರಲಿಲ್ಲ. ಅದನ್ನು ಮತ್ತೆ ಉಜ್ಜಿ ತೆಗೆದು ಒಳಗಿಂದ ಶುರುಮಾಡಲು ಮನಸ್ಸು ಬರಲಿಲ್ಲ. ಬಣ್ಣ ಹೊಡೆದ. ಸಂಜೆ ದೊಡ್ಡಪ್ಪ ಬಂದರು, ಕಣ್ಣಿಗೆ ಔಷಧಿ ಬಿಟ್ಟಿದ್ದರಿಂದ ಎಲ್ಲ ಮಂಜು ಮಂಜು ಅನ್ನುತ್ತಾ. ಹಸಿ ಬಣ್ಣದ ಪಕ್ಕ ಬಗ್ಗಿ, ಸಾಲಿನ ಮೇಲೆ ಬೆರಳಾಡಿಸಿ, ಭೇಷ್ ಅಂದರು. ಹದಿನೆಂಟು ವರ್ಷದಲ್ಲಿ ಅದೊಂದೇ ಸಲ ಭೇಷ್ ಅಂದದ್ದು. ಬೆರಳಿಗೆ ಅಂಟಿದ ಕಿತ್ತಳೆ ಬಣ್ಣವನ್ನು ಪಂಚೆಗೆ ಒರೆಸಿಕೊಂಡು, ನಾಳೆಯಿಂದ ನೀನೇ ನೋಡಿಕೋ ಅಂದು ಬೀಗದ ಕೈ ಗೊಂಚಲು ಕೊಟ್ಟರು. ಕಣ್ಣಿಗೆ ಮಣ್ಣೆರಚುವುದು ಅಂತ ಜನ ಆಡುತ್ತಾರಲ್ಲ, ಇವನು ಎರಚಬೇಕಾಗಿಯೂ ಇರಲಿಲ್ಲ, ಡಾಕ್ಟರೇ ಆ ಕೆಲಸ ಮಾಡಿಕೊಟ್ಟಿದ್ದರು.

"ಎಳೀತಾ ಇದೆಯಾ?" ಅಂತ ದೊಡ್ಡಪ್ಪ ಕೇಳಿದರು. ತೋಳಿಗೆ ಚೈನ್ ಪುಲ್ಲಿ ಬಿಗಿದು, ಇನ್ನೊಂದು ತುದಿಯನ್ನು ಶೆಡ್ಡಿನ ಕಂಬಕ್ಕೆ ಹಾಕಿ, ಕೆಳಗೆ ಜಾಕಿ ಕೊಟ್ಟಿದ್ದಾಗಿತ್ತು. ತಿರುಚಿಕೊಂಡ ಜಾಗಕ್ಕೆ ಇವನು ಗ್ಯಾಸಿನ ಬೆಂಕಿ ಹಿಡಿದಿದ್ದ, ಅದು ಕೆಂಪಗಾಗುತ್ತಿತ್ತು. ದೊಡ್ಡಪ್ಪ ಬೆಂಕಿಗೆ ಬೆನ್ನು ಹಾಕಿ ನಿಂತು ಚೈನನ್ನು ಒಂದೊಂದೇ ಕೊಂಡಿ ಎಳೆಯುತ್ತಿದ್ದರು. ಆ ಕೆಲಸಕ್ಕೆ ಕಣ್ಣು ಬೇಡ, ಕಬ್ಬಿಣ ಬಗ್ಗುವುದು ಕೈಗೇ ತಿಳಿಯುತ್ತದೆ. "ಇನ್ನು ಸಾಕು, ಜಾಸ್ತಿ ಎಳೆದ್ರೆ ಆ ಕಡೆ ಹೋಗುತ್ತೆ" ಅಂತ ಅವರು ನಿಲ್ಲಿಸಿದ ಕಡೆ ಇವನು ಮೂಲೆಯಿಂದ ಮೂಲೆಗೆ ಟೇಪು ಹಿಡಿದು ನೋಡಿದ. ಎರಡು ಅಳತೆಗೂ ಒಂದು ನೂಲು ವ್ಯತ್ಯಾಸ, ಅಷ್ಟೇ. "ಸರಿಯಾಗಿದೆ ದೊಡ್ಡಪ್ಪ," ಅಂದ. ಅವರು ನಕ್ಕರು. ಎಂಟು ದಿನದಲ್ಲಿ ಇದೊಂದಾದರೂ ಸರಿಯಾಯಿತಲ್ಲ ಅಂದರು. ಆಮೇಲೆ ಚೈನು ಸುತ್ತುತ್ತಾ, ಯಾರಿಗೋ ಹೇಳುವ ಹಾಗೆ, "ಕಲ್ಲಿಗೆ ಬಡಿದ ಸದ್ದೂ ಕೇಳಲಿಲ್ಲ ಕಣೋ ನಂಗೆ. ಟಕ್ ಅಂತ ಏನೋ ಬಿಟ್ಟಂತಾಯ್ತು, ಅಷ್ಟೇ. ಕಿವೀನೂ ಹೋಯ್ತೋ ಏನೋ" ಅಂದರು. ಇವನು ಬಗ್ಗಿ ರಾಡಿನ ಪೆಟ್ಟಿಗೆ ತೆಗೆದ.

ಎಡಗಡೆಯನ್ನು ಅವನು ಜೀವಮಾನದಲ್ಲಿ ಹಾಕದ ಹಾಗೆ ಹಾಕಿದ. ಬುಡದ ಸಾಲು, ಕಿಟ್ಟ, ಬ್ರಷ್ಷು, ಎರಡನೇ ಸಾಲು, ಕಿಟ್ಟ, ಮೂರನೇದು. ಮುಖವಾಡದ ಕಪ್ಪು ಗಾಜಿನೊಳಗೆ ಬೆಂಕಿಯ ಚುಕ್ಕೆ ಬಿಟ್ಟರೆ ಬೇರೇನೂ ಇಲ್ಲ, ಅದೊಂದು ಸುಖ. ಬಲಗಡೆಯೂ ಅದೇ ದಿನ, ಅದೇ ರೇಡಿಯೋ ಹಾಡಿನೊಳಗೆ, ಹಾಗೇ ಹಾಕಿದ್ದು ಅನ್ನುವುದು ಅವನಿಗೆ ನೆನಪಿತ್ತು. ಅದು ಇನ್ನೂ ಬಿಟ್ಟಿರಲಿಲ್ಲ. ಇನ್ನೊಂದು ದಿನ ಬಂದು, ಯಾವುದೋ ನೆಪ ಹೇಳಿ, ಯಾರಿಗೂ ತಿಳಿಯದ ಹಾಗೆ ಸರಿಮಾಡಿದರಾಯಿತು ಅಂದುಕೊಂಡ. ನಾಳೆಯೇ ಬರಬಹುದು. ನಾಳೆ ಅಂದುಕೊಂಡಾಗ ಬೆನ್ನಿನ ಮೇಲೆ ಏನೋ ಹರಿದ ಹಾಗಾಯಿತು.

ಯಜಮಾನಿ ಬಂದದ್ದು ಆಗ. ರಬ್ಬರ್ ಬೂಟು ಹಾಕಿಕೊಂಡು, ಹಾಲಿನ ಕೋಣೆಯಿಂದ ನೇರವಾಗಿ ಬಂದಿದ್ದರು. ಕೆಟ್ಟ ಹೆಂಗಸಲ್ಲ, ದೊಡ್ಡಪ್ಪನಿಗೆ ಒಂದು ದಿನವೂ ದನಿ ಎತ್ತಿದವರಲ್ಲ. ಲೋಡರನ್ನು ಒಂದು ಸುತ್ತು ನೋಡಿ, ನೆಟ್ಟಗಾಯಿತಲ್ಲ ಅಂತ ಸಂತೋಷಪಟ್ಟು, ಆಮೇಲೆ ಹೇಳಬೇಕಾದದ್ದನ್ನು ಹೇಳಲು ಬೂಟಿನಿಂದ ನೆಲ ಕೆರೆದರು.

"ಸೋಮವಾರದಿಂದ ಬೇರೆಯವರು ಬರ್ತಾರೆ ದೊಡ್ಡ ಮೇಸ್ತ್ರಿಗಳೇ. ಬೇಜಾರು ಮಾಡ್ಕೋಬೇಡಿ. ಇವತ್ತು ಕಲ್ಲು. ನಾಳೆ ಅಲ್ಲಿ ಒಂದು ಕರು ಮಲಗಿದ್ರೆ?"

"ನಾನೇ ಹೇಳೋಣ ಅಂತಿದ್ದೆ," ಅಂದರು ದೊಡ್ಡಪ್ಪ. ಜೇಬು ತಡವಿ ಟ್ರಾಕ್ಟರಿನ ಕೀ ತೆಗೆದು ಕೊಟ್ಟರು. ಕೊಡುವಾಗ ಆಕೆಯ ಕೈ ಎಲ್ಲಿದೆ ಅಂತ ಗೊತ್ತಿಲ್ಲದವರ ಹಾಗೆ ಗಾಳಿಯಲ್ಲಿ ಒಂದು ಗಳಿಗೆ ಹಿಡಿದು ನಿಂತರು. ಕೈ ಅವರ ಮುಂದೆಯೇ ಇತ್ತು.

"ತಪ್ಪು ದೊಡ್ಡಪ್ಪಂದಲ್ಲ," ಅಂದ ಇವನು. ಮುಖವಾಡ ಹಾಕಿಕೊಂಡೇ ಅಂದ. ದನಿ ಡಬ್ಬದೊಳಗಿಂದ ಬಂದ ಹಾಗೆ ಬಂತು. "ಮೂರು ವರ್ಷದ ಹಿಂದೆ ನಾನು ಹಾಕಿದ್ದ ವೆಲ್ಡೇ ಸರಿ ಇರಲಿಲ್ಲ. ಅದಕ್ಕೇ ಬಿಟ್ಟಿದ್ದು."

ಯಜಮಾನಿ ಮೊದಲು ನೆಟ್ಟಗಾದ ಲೋಡರನ್ನು ನೋಡಿದರು, ಆಮೇಲೆ ಇವನನ್ನು, ಅವರ ಮುಖ ಮೆತ್ತಗಾಯಿತು. "ಈಗಿನ ಕಾಲದಲ್ಲಿ ಯಾರು ಹೀಗೆ ಮೈಮೇಲೆ ಹಾಕ್ಕೋತಾರೆ ಹೇಳಿ," ಅಂದರು. "ನಿಮ್ಮ ದೊಡ್ಡಪ್ಪ ಪುಣ್ಯವಂತರು ಬಿಡಿ." ದೊಡ್ಡಪ್ಪ ಕೈ ಚಾಚಿ ಇವನ ಭುಜ ಹುಡುಕಿ, ಸಿಕ್ಕ ಮೇಲೆ ತಟ್ಟಿದರು. "ಬೇಡ ಮಗ. ಆ ವೆಲ್ಡು ನಾನೇ ನೋಡಿದ್ದೆನಲ್ಲ. ಭೇಷ್ ಅಂದಿದ್ದೆ, ಮರೆತುಬಿಟ್ಯಾ? ನನ್ನ ಮರ್ಯಾದೆ ಉಳಿಸೋಕೆ ನಿನ್ನ ಕೈ ಕೆಲಸಕ್ಕೆ ಹೆಸರು ಕೆಡಿಸ್ಕೋಬೇಡ."

ಮುಖವಾಡದೊಳಗೆ ಇವನಿಗೆ ಬೆವರಿಳಿಯಿತು. ಅಲ್ಲ, ನಿಜ, ಅಂತ ಇನ್ನೊಂದು ಸಲ ಅಂದ, ಅದು ಇನ್ನೂ ಒಳ್ಳೆಯವನ ಮಾತಿನ ಹಾಗೆ ಕೇಳಿಸಿತು. ತೋರಿಸಲು ಏನೂ ಇರಲಿಲ್ಲ. ತುಕ್ಕು ಅವನ ಚಪ್ಪಲಿಯ ಕೆಳಗೆ ಕೆಂಪು ಪುಡಿಯಾಗಿ ಬಿದ್ದಿತ್ತು. ಯಜಮಾನಿ ಟೀ ಕಳಿಸುತ್ತೇನೆ ಅಂತ ಹೋದರು. ಹೇಳುವುದು ಹೇಳಿಯಾಯಿತು, ಅವರು ನಂಬದಿದ್ದರೆ ನಾನೇನು ಮಾಡಲಿ ಅಂತ ಒಳಗೆ ಯಾರೋ ಮೆಲ್ಲಗೆ ಕೈ ತೊಳೆದುಕೊಳ್ಳುತ್ತಿದ್ದ. ಅವನನ್ನು ಇವನು ಗುರುತು ಹಿಡಿದ. ನಾಳೆ ಮಾಡೋಣ ಅಂದವನೂ ಅವನೇ, ಓಹೋ ಕಲ್ಲು ಅಂದವನೂ ಅವನೇ. ಹದಿನೆಂಟು ವರ್ಷದ ಮೇಲೆ ಒಂದು ಭೇಷ್ ಸಿಕ್ಕಿದ್ದು ಸುಳ್ಳಿಗೆ, ಈಗ ಎರಡನೇದು ಸಿಕ್ಕಿತು, ನಿಜ ಹೇಳಿದ್ದಕ್ಕೆ, ಅದೂ ಸುಳ್ಳಾಗಿಯೇ ಸಿಕ್ಕಿತು. ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ನೆಲ ಸುಮ್ಮನಿತ್ತು. ಇವನು ಕೇಬಲ್ಲು ಸುತ್ತತೊಡಗಿದ.

ದೊಡ್ಡಪ್ಪ ಕೈ ತೊಳೆಯಲು ನಲ್ಲಿಯ ಕಡೆ ಹೊರಟಿದ್ದರು. ಶೆಡ್ಡಿನ ಮುಂದಿನ ಅಂಗಳ ಸಿಮೆಂಟಿನದು, ನೀರು ಚೆಲ್ಲಿದರೆ ನಿಲ್ಲುವಷ್ಟು ಸಪಾಟು, ಮೂರು ವರ್ಷ ಅವರು ದಿನಕ್ಕೆ ನೂರು ಸಲ ಓಡಾಡಿದ ಜಾಗ. ಅದರ ಮೇಲೆ ಅವರು ಒಂದು ಕಾಲು ಮುಂದಿಟ್ಟು, ಹೆಬ್ಬೆರಳಿನಿಂದ ನೆಲ ತಡವಿ, ಏನೂ ಇಲ್ಲ ಅಂತ ಖಾತ್ರಿಯಾದ ಮೇಲೆ ಇನ್ನೊಂದು ಕಾಲಿಡುತ್ತಿದ್ದರು. ಇಲ್ಲದ ಕಲ್ಲನ್ನು ಹುಡುಕುತ್ತಿದ್ದರು. ಇವನು ಅರ್ಧ ಸುತ್ತಿದ ಕೇಬಲ್ಲನ್ನು ಹಾಗೇ ಕೆಳಗೆ ಬಿಟ್ಟ. ಮುಖವಾಡ ತೆಗೆದು ಬಾನೆಟ್ಟಿನ ಮೇಲಿಟ್ಟ.

"ದೊಡ್ಡಪ್ಪ, ಇಲ್ಲಿ ಬನ್ನಿ. ಅಮ್ಮಾವ್ರೇ, ನೀವೂ ಬನ್ನಿ," ಅಂತ ಹಾಲಿನ ಕೋಣೆಗೆ ಕೇಳುವ ಹಾಗೆ ಕೂಗಿದ.

ಬಲಗಡೆಯ ಕಿತ್ತಳೆ ಬಣ್ಣದ ಮೇಲೆ ಗ್ರೈಂಡರ್ ಇಟ್ಟ. ಮೂರು ವರ್ಷ ಒಂದು ಗೀರೂ ಬೀಳದ ಸಾಲು, ಜಡೆ ಹೆಣೆದ ಹಾಗೇ ಇತ್ತು. ಉಜ್ಜಲಿಲ್ಲ, ಈ ಸಲ ಸೀಳಿದ, ಒಂದು ಬೆರಳುದ್ದ, ಸಾಲಿನ ಆಳದವರೆಗೆ ಮಾತ್ರ. ಆಮೇಲೆ ಉಳಿ ಇಟ್ಟು ಸುತ್ತಿಗೆಯಲ್ಲಿ ಹೊಡೆದ. ಚೆಂದದ ಸಾಲು ಕಿತ್ತಳೆ ಹಣ್ಣಿನ ಸಿಪ್ಪೆಯ ಹಾಗೆ ಎದ್ದು ಬಂತು, ಕೆಳಗೆ ಪೈಪಿಗೂ ತೋಳಿಗೂ ನಡುವೆ ಕಪ್ಪು ಸಂದು. ಯಜಮಾನಿ ಬಗ್ಗಿ ನೋಡಿದರು. ಇವನು ಅವರ ಮುಖ ನೋಡಲಿಲ್ಲ. ದೊಡ್ಡಪ್ಪನ ಬಲಗೈ ಹಿಡಿದು, ತೋರುಬೆರಳನ್ನು ಆ ಸಂದಿನೊಳಗೆ ಇಟ್ಟ.

ಬೆರಳು ಸ್ವಲ್ಪ ಹೊತ್ತು ಅಲುಗಲಿಲ್ಲ. ಆಮೇಲೆ ಸಂದಿನ ಉದ್ದಕ್ಕೂ ಹೋಯಿತು, ಒಂದು ಟ್ಯಾಕ್ ಸಿಕ್ಕಿತು, ಅದನ್ನು ಸುತ್ತಿತು. ಉಗುರಿನಿಂದ ತುಕ್ಕು ಕೆರೆಯಿತು. ನಲವತ್ತು ವರ್ಷ ವೆಲ್ಡಿಂಗ್ ಮಾಡಿದ ಬೆರಳಿಗೆ ಯಾರೂ ಏನೂ ಹೇಳಬೇಕಾಗಿರಲಿಲ್ಲ.

"ಆ ಕಡೇನೂ ಹಿಂಗೇ ಇತ್ತಾ?"

"ಹಿಂಗೇ ಇತ್ತು. ಬೆಳಿಗ್ಗೆ ಉಜ್ಜಿ ತೆಗೆದುಬಿಟ್ಟೆ. ನಿಮ್ಮೆದುರಿಗೇ."

"ಕಲ್ಲು?"

"ಕಲ್ಲೇ ಇರಲಿಲ್ಲ ದೊಡ್ಡಪ್ಪ. ಇದ್ದಿದ್ರೆ ನಿಮಗೆ ಕಾಣ್ತಿತ್ತು."

ಬೈಯುತ್ತಾರೆ ಅಂತ ಇವನು ಕಾದ. ಬೈದಿದ್ದರೆ ಎಷ್ಟೋ ಮೇಲಿತ್ತು. ದೊಡ್ಡಪ್ಪ ಬೆರಳನ್ನು ಹೊರಗೆ ತೆಗೆದು, ಅದಕ್ಕಂಟಿದ ತುಕ್ಕನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು. ಬಹಳ ಹೊತ್ತು ನೋಡಿದರು. "ಎಂಟು ದಿನ ಕಣೋ," ಅಂದರು. "ಅವಳ ಕೈ ಹಿಡ್ಕೊಂಡು ರಸ್ತೆ ದಾಟಿದೆ ನಾನು." ದನಿ ಏರಲಿಲ್ಲ, ಅಷ್ಟೇ ಅಂದರು.

ಯಜಮಾನಿ ಕೈಯಲ್ಲಿದ್ದ ಕೀಯನ್ನು ಮುಂದೆ ಹಿಡಿದರು.

"ಸೀಟಿನ ಮೇಲಿಡಿ," ಅಂದರು ದೊಡ್ಡಪ್ಪ. "ಅಲ್ಲಿದ್ರೆ ನಂಗೆ ಕಾಣುತ್ತೆ."

ಆಮೇಲೆ ಅಂಗಳ ದಾಟಿ ಗೊಬ್ಬರದ ಗುಡ್ಡೆಯ ಕಡೆ ಹೋದರು. ಗೋಡೆ ಮುಟ್ಟಲಿಲ್ಲ, ಕಾಲಿನಲ್ಲಿ ನೆಲ ತಡವಲಿಲ್ಲ. ಆ ಕರಿಕಲ್ಲನ್ನು ಎರಡು ಕೈಯಲ್ಲಿ ಹೊಟ್ಟೆಗೆ ಅವುಚಿಕೊಂಡು ಎತ್ತಿ ತಂದು, ಲೋಡರಿನಿಂದ ನಾಲ್ಕು ಹೆಜ್ಜೆ ದೂರದಲ್ಲಿ ದೊಪ್ಪನೆ ಹಾಕಿ, ಬೆಂಕಿ ಕಣ್ಣಿಗೆ ಬೀಳದ ಹಾಗೆ ಇವನಿಗೆ ಬೆನ್ನು ಮಾಡಿ ಅದರ ಮೇಲೆ ಕೂತರು. ಇವನು ಮುಖವಾಡ ಎತ್ತಿಕೊಂಡ. ರಾಡು ಬದಲಿಸಿದ, ಕರೆಂಟು ಇಳಿಸಿದ, ಬಗ್ಗಿ ಕೂತ.

"ಬುಡದಿಂದ ಹಾಕು," ಅಂತ ಆ ಬೆನ್ನು ಹೇಳಿತು. "ಸದ್ದು ಕೇಳಿಸ್ಕೋತಾ ಇರ್ತೀನಿ."